ಹುಷಾರಿಲ್ಲದ ಹ್ಯಾಟೆ ಮತ್ತು ಒಂದಿಷ್ಟು ಇತಿಹಾಸ

ಇದನ್ನ ಬರೀಬೇಕು ಅಂದ್ಕೊಂಡು ತುಂಬಾ ದಿನ ಆಯ್ತು. ಕೋಳಿ ಬಗ್ಗೆ ಇತಿಹಾಸ ಬರೀತೀನಿ ಅಂದ್ರೆ ನಗ್ತೀರೇನೋ ಅಂತ ಸುಮ್ಮನಿದ್ದೆ. ನಗೋದಾದ್ರೆ ನಗಿ, ಆದ್ರೆ ಕೊನೆ ತನಕ ಓದಿ.

2025ರ ಮಾರ್ಚ್ ತಿಂಗಳು. ನಮ್ಮೂರು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗೋ ಕಡೆ ಇರೋ ಒಂದು ಸಣ್ಣ ಹಳ್ಳಿ. ಅಮ್ಮ ಫೋನ್ ಮಾಡಿ ಮೊದಲು ಮಳೆ ಬೆಳೆ ಮಾತಾಡಿದಳು, ಆಮೇಲೆ ನಿಧಾನಕ್ಕೆ "ಕರೀ ಹ್ಯಾಟಿಗೆ ಹುಷಾರಿಲ್ಲಪ್ಪ" ಅಂದಳು. ದನಿ ಕೇಳಿದ್ರೆ ಮನೇಲಿ ಯಾರೋ ಆಸ್ಪತ್ರೆ ಸೇರಿದ ಹಾಗಿತ್ತು. ಗೊತ್ತಿಲ್ಲದವರಿಗೆ: ಹ್ಯಾಟೆ ಅಂದ್ರೆ ಹೆಣ್ಣು ಕೋಳಿ. ನಮ್ಮ ಮನೇಲಿ ಆಗ ಇದ್ದದ್ದು ಒಂದು ಹುಂಜ, ನಾಲ್ಕು ಹ್ಯಾಟೆ, ಎಲ್ಲಾ ಜವಾರಿ. ಕರೀದು ಎಲ್ಲಕ್ಕಿಂತ ಚೆನ್ನಾಗಿ ಕಾವು ಕೂರೋದು.

ಮಾಮೂಲಿ ದಿನಗಳಾಗಿದ್ರೆ ನಾನೂ ಅಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ. ಆದ್ರೆ ಅದಕ್ಕೆ ಸ್ವಲ್ಪ ಮುಂಚೆ ತಾನೇ ಪಕ್ಕದ ಸಂಡೂರು ತಾಲೂಕಿನ ಕುರೇಕುಪ್ಪದ ಸರ್ಕಾರಿ ಕೋಳಿ ಫಾರಂನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕೋಳಿ ಸತ್ತು, ಹಕ್ಕಿಜ್ವರ ಅಂತ ಗಟ್ಟಿಯಾಗಿತ್ತು. ಊರಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಪಕ್ಕದ ಮನೆಯವರು "ಸುಮ್ನ ಎಲ್ಲಾ ಕೋಳೀನೂ ಕೊಟ್ಟುಬಿಡವ್ವ, ನಮ್ ಮಕ್ಳಿಗೆ ಬಂದೀತು" ಅಂದಿದ್ರಂತೆ. ಅವರದ್ದೂ ತಪ್ಪಲ್ಲ.

ಶನಿವಾರ ಬಸ್ಸು ಹತ್ತಿದೆ. ಹೋಗಿ ನೋಡಿದ್ರೆ ಅಮ್ಮ ಎಲ್ಲಾ ವ್ಯವಸ್ಥೆ ಮಾಡಿಬಿಟ್ಟಿದ್ದಳು. ಕರೀ ಹ್ಯಾಟೆ ಹಿತ್ತಲ ಕೋಣೇಲಿ, ಮಂಕರಿ ಕೆಳಗೆ ಒಂದೇ. ಅಡಿಗೆ ಹಳೇ ಗೋಣಿಚೀಲ, ಅದರ ಮೇಲೆ ಒಣ ಬೂದಿ. ಮಿಕ್ಕ ಕೋಳಿಗಳಿಗೆ ಆ ಕಡೆ ಬಿಡದ ಹಾಗೆ ತಡಿಕೆ. ಅದನ್ನ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೀತಿದ್ದಳು, ಮೂಗಿಗೆ ಸೆರಗು ಸುತ್ತಿಕೊಂಡಿದ್ದಳು. ಪಶು ಆಸ್ಪತ್ರೆಗೆ ಆಗಲೇ ಹೇಳಿ ಕಳಿಸಿದ್ದಳು. ಅವರು ಬಂದು ನೋಡಿ, "ಉಳಿದ ಕೋಳಿ ಚೆನ್ನಾಗವೆ, ಒಂದೇ ಮಂಕಾಗಿದೆ, ಇದು ಜ್ವರ ಅಲ್ಲ" ಅಂದು, ಕತ್ತಿನ ಬುಡ ಮುಟ್ಟಿ ನೋಡಿ ನಕ್ಕರಂತೆ. ಅಲ್ಲಿ ನಿಂಬೆಹಣ್ಣಿನಷ್ಟು ಗಟ್ಟಿ ಗಂಟು.

ಕೋಳಿ ತಿಂದ ಕಾಳು ನೇರ ಹೊಟ್ಟೆಗೆ ಹೋಗಲ್ಲ. ಎದೆಯ ಮೇಲೆ ಒಂದು ಚೀಲ ಇರುತ್ತೆ, ಮೊದಲು ಅಲ್ಲಿ ಸೇರಿ, ನೆನೆದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆಳಗೆ ಇಳಿಯುತ್ತೆ. ಬೆಳಿಗ್ಗೆ ಎದ್ದಾಗ ಆ ಚೀಲ ಖಾಲಿ ಇರಬೇಕು. ಒಣ ಹುಲ್ಲೋ, ದಾರವೋ ನುಂಗಿದ್ರೆ ಅಲ್ಲೇ ಉಂಡೆ ಕಟ್ಟಿಕೊಳ್ಳುತ್ತೆ. ಮೇವು ಮುಂದೆ ಇದ್ರೂ ಕೋಳಿ ಉಪವಾಸ ಸಾಯುತ್ತೆ.

ಅಮ್ಮ ಮಾಡಿದ್ದು ಇಷ್ಟು. ಒಂದು ದಿನ ಕಾಳು ಬಂದ್. ಮೂರು ಹೊತ್ತು ಉಗುರು ಬೆಚ್ಚಗಿನ ನೀರು, ಕೊಕ್ಕಿನ ಪಕ್ಕಕ್ಕೆ ಬೆರಳಿಂದ ಹನಿ ಹನಿ ಹಚ್ಚೋದು. ಅದೇ ನೆಕ್ಕಿಕೊಳ್ಳಬೇಕು, ನಾವು ಸುರೀಬಾರದು, ಸುರಿದ್ರೆ ಶ್ವಾಸನಾಳಕ್ಕೆ ಹೋಗಿ ಸತ್ತೇ ಹೋಗುತ್ತೆ. ಒಂದೆರಡು ಹನಿ ಶೇಂಗಾ ಎಣ್ಣೆ. ಆಮೇಲೆ ಹ್ಯಾಟೇನ ತೊಡೆ ಮೇಲೆ ಕೂರಿಸಿಕೊಂಡು ಆ ಗಂಟನ್ನ ಎರಡು ಬೆರಳಲ್ಲಿ ಮೆತ್ತಗೆ ತಿಕ್ಕೋದು. ಐದು ನಿಮಿಷ, ಬಿಡೋದು, ಮತ್ತೆ ಐದು ನಿಮಿಷ. ನಾನು ತಲೆಕೆಳಗೆ ಹಿಡಿದು ಅಲುಗಾಡಿಸಿದ್ರೆ ಬೇಗ ಬರುತ್ತಲ್ವಾ ಅಂದೆ. "ನಿನ್ನ ಹಂಗ ಹಿಡೀತೀನಿ ಬಾ" ಅಂದಳು :-)

ಎರಡನೇ ದಿನ ಗಂಟು ಮೆತ್ತಗಾಯ್ತು. ಮೂರನೇ ದಿನ ಬೆಳಿಗ್ಗೆ ಚೀಲ ಅರ್ಧ ಇಳಿದಿತ್ತು. ಆಗ ನವಣೆ ನುಚ್ಚು ಗಂಜಿ ಥರ ಬೇಯಿಸಿ, ಒಂದು ಚೂರು ಬೆಲ್ಲ ಹಾಕಿ, ಒಂದು ಚಮಚೆ ಅಷ್ಟೇ. ಐದನೇ ದಿನ ನಾನು ವಾಪಸ್ ಬಂದಿದ್ದೆ, ಅಮ್ಮ ಫೋನಲ್ಲಿ ಅದರ ಕೂಗು ಕೇಳಿಸಿದಳು.

ಬೆಂಗಳೂರಿಗೆ ಬರ್ತಾ ಬಸ್ಸಲ್ಲಿ ನನಗೆ ಒಂದೇ ಯೋಚನೆ. ಇದನ್ನೆಲ್ಲ ಅಮ್ಮನಿಗೆ ಹೇಳಿಕೊಟ್ಟದ್ದು ನನ್ನ ಅಜ್ಜಿ, ಅಂದ್ರೆ ಅವಳ ಅತ್ತೆ. ಅಜ್ಜಿಗೆ ಹೇಳಿಕೊಟ್ಟದ್ದು ಯಾರು? ಎಲ್ಲಾದ್ರೂ ಬರೆದಿಟ್ಟಿದ್ದಾರಾ?

ಹುಡುಕಿದೆ. ನಮ್ಮ ಕನ್ನಡದಲ್ಲಿ ಪಶುವೈದ್ಯದ ಪುಸ್ತಕಗಳಿಗೆ ಕೊರತೆ ಇಲ್ಲ ನೋಡಿ. ಕಲ್ಯಾಣ ಚಾಲುಕ್ಯರ ಮನೆತನದ ಕೀರ್ತಿವರ್ಮ ಸುಮಾರು ಒಂಬತ್ತು ನೂರು ವರ್ಷದ ಹಿಂದೆಯೇ 'ಗೋವೈದ್ಯ' ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ಕುದುರೆಗೆ 'ಅಶ್ವವೈದ್ಯ' ಬರೆದ. ಆ ಚಾಲುಕ್ಯರ ಆಳ್ವಿಕೆ ನಮ್ಮ ಸೀಮೆಯಲ್ಲೇ ಇದ್ದದ್ದು. ಹರಪನಹಳ್ಳಿ ಹತ್ತಿರದ ಬಾಗಳಿ ಕಲ್ಲೇಶ್ವರ, ಕೊಟ್ಟೂರು ಕಡೆಯ ಅಂಬಳಿ ಕಲ್ಲೇಶ್ವರ, ಹಡಗಲಿ ಕಡೆ ಕುರುವತ್ತಿ ಮಲ್ಲಿಕಾರ್ಜುನ, ಇವೆಲ್ಲ ಅವರ ಕಾಲದ ಗುಡಿಗಳೇ. ಅವರ ಸಾಮಂತರಾಗಿದ್ದ ಪಾಂಡ್ಯರು ಉಚ್ಚಂಗಿದುರ್ಗದಲ್ಲಿ ಕೂತು ನೊಳಂಬವಾಡಿ ಆಳಿದವರು. ಅಂದ್ರೆ ಹಸುವಿಗೆ ವೈದ್ಯ ಬರೆದ ರಾಜಮನೆತನದ ಕೆಳಗೇ ನಮ್ಮೂರ ಕೋಳಿಗಳೂ ಕೆದರಿಕೊಂಡು ಬದುಕಿದ್ವು. ಆದ್ರೆ ಅವಕ್ಕೆ ಅಂತ ಬರೆದ ವೈದ್ಯ ನನಗೆ ಎಲ್ಲೂ ಸಿಗಲಿಲ್ಲ.

ಹಾಗಂತ ಅರಮನೆಗೆ ಕೋಳಿ ಕಾಣಲೇ ಇಲ್ಲ ಅಂತಲ್ಲ. ಅದೇ ವಂಶದ ಮೂರನೇ ಸೋಮೇಶ್ವರ 1130ರ ಆಸುಪಾಸಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದನಲ್ಲ, ಅದರಲ್ಲಿ ರಾಜನ ವಿನೋದಗಳ ಪಟ್ಟಿಯಲ್ಲಿ ಹುಂಜದ ಕಾಳಗಕ್ಕೆ ಒಂದು ಭಾಗವೇ ಇದೆ. 1209ರಲ್ಲಿ ಮುಗಿದ ಜನ್ನನ 'ಯಶೋಧರ ಚರಿತೆ'ಯ ಇಡೀ ಕತೆ ತಿರುಗೋದು ಬಲಿ ಕೊಟ್ಟ ಒಂದು ಹಿಟ್ಟಿನ ಹುಂಜದ ಸುತ್ತ. ಬಲಿಗೆ, ಜೂಜಿಗೆ, ಕತೆಗೆ ಹುಂಜ ಬೇಕು. ಮೊಟ್ಟೆ ಇಟ್ಟು ಮನೆ ನಡೆಸೋ ಹ್ಯಾಟೆಯ ಸುದ್ದಿ ಬರೆದವರು ಕಮ್ಮಿ.

ನಾಯಿಗಾದ್ರೂ ಕಲ್ಲಿದೆ. 949ರ ಆತಕೂರು ಶಾಸನ ಓದಿರ್ತೀರಿ, ಹಂದಿ ಜೊತೆ ಕಾದಾಡಿ ಸತ್ತ 'ಕಾಳಿ' ಅನ್ನೋ ನಾಯಿಗೆ ನಿಲ್ಲಿಸಿದ್ದು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಆಮೇಲೆ ಬಂದ ಮೈಸೂರಿನವರು ಎತ್ತುಗಳಿಗೆ ಒಂದು ಇಲಾಖೆಯನ್ನೇ ಮಾಡಿದ್ರು: ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯ್ತು. ಬ್ರಿಟಿಷರ ಸರ್ಕಾರ ದನದ ದೊಡ್ಡರೋಗದ ಬಗ್ಗೆ ಆಯೋಗ ಕೂರಿಸಿ 1871ರಲ್ಲಿ ವರದಿ ತರಿಸಿತು. ಯುದ್ಧಕ್ಕೆ, ಹೊಲಕ್ಕೆ, ಬಂಡಿಗೆ ಬೇಕಾದ ಪ್ರಾಣಿಗೆ ಔಷಧಿಯ ಜೊತೆ ಕಾಗದವೂ ಹುಟ್ಟಿದೆ. ಕೋಳಿ ಹೆಂಗಸರದ್ದು. ಅದರ ದುಡ್ಡು ಸೆರಗಿನ ಗಂಟಲ್ಲೇ ಇರ್ತಿತ್ತು. ಲೆಕ್ಕದ ಪುಸ್ತಕಕ್ಕೆ ಬರದ ದುಡ್ಡಿಗೆ ವೈದ್ಯದ ಪುಸ್ತಕ ಎಲ್ಲಿಂದ ಬರಬೇಕು?

ಹೀಗಾಗಿ ಆ ವಿದ್ಯೆ ಕೈಯಿಂದ ಕೈಗೆ ದಾಟಿ ಬಂತು. ಅಜ್ಜಿ ಮಾಡ್ತಿದ್ದದ್ದನ್ನ ಇವತ್ತು ಕೂತು ಲೆಕ್ಕ ಹಾಕಿದ್ರೆ, ಸುಮಾರು ಸಂಗತಿಗೆ ಗಟ್ಟಿ ಕಾರಣ ಸಿಗುತ್ತೆ.

ಮಂಕರಿ ಮುಚ್ಚಿ ಬೆಚ್ಚಗೆ ಇಡೋದು ತಗೊಳ್ಳಿ. ಕೋಳಿ ಮೈಯ ಬಿಸಿ ನಮಗಿಂತ ಜಾಸ್ತಿ, ಹತ್ತಿರ ಹತ್ತಿರ 41 ಡಿಗ್ರಿ. ತಿನ್ನದೆ ಇದ್ದಾಗ ಆ ಬಿಸಿ ಕಾಯ್ದುಕೊಳ್ಳೋದೇ ಅದಕ್ಕೆ ದೊಡ್ಡ ಖರ್ಚು. ಬೆಚ್ಚಗೆ, ಕತ್ತಲೆಯಲ್ಲಿ ಇಟ್ರೆ ಆ ಖರ್ಚು ಉಳಿಯುತ್ತೆ. ಒಂಟಿಯಾಗಿ ಇಡೋದಕ್ಕೆ ಎರಡು ಕಾರಣ. ಒಂದು, ರೋಗ ಹರಡಲ್ಲ. ಇನ್ನೊಂದು, ಬಲಹೀನ ಆದದ್ದನ್ನ ಮಿಕ್ಕವು ಕುಕ್ಕಿ ಕುಕ್ಕಿ ಸಾಯಿಸಿಬಿಡ್ತವೆ. ಕೋಳಿಗಳಲ್ಲಿ ಯಾರು ಯಾರನ್ನ ಕುಕ್ಕಬಹುದು ಅನ್ನೋದಕ್ಕೆ ಒಂದು ಸಾಲು ಇರುತ್ತೆ ಅಂತ ನಾರ್ವೆಯ ಶೆಲ್ಡೆರಪ್ ಎಬ್ಬೆ ಅನ್ನೋನು 1920ರ ದಶಕದ ಶುರುವಲ್ಲಿ ಬರೆದು ಹೆಸರಾದ. ನಮ್ಮಜ್ಜಿ ಅದನ್ನೇ "ಬಿದ್ದೋರಿಗೆ ಒದಿಯೋದು ಕೋಳಿಗೂ ಗೊತ್ತೈತಿ" ಅಂತಿದ್ದಳು.

ಇನ್ನು ತೌಡು. ಕಾಲು ಸೋತು ಕೂತ ಕೋಳಿಗೆ ಅಜ್ಜಿ ಅಕ್ಕಿ ಕೊಡ್ತಿರಲಿಲ್ಲ. ತೌಡು ಕಲಸಿ ಉಂಡೆ ಮಾಡಿ ಇಡ್ತಿದ್ದಳು. ಇದಕ್ಕೊಂದು ಒಳ್ಳೇ ಕತೆ ಇದೆ. 1890ರ ಆಸುಪಾಸು, ಜಾವಾದ ಬಟಾವಿಯಾ, ಅಂದ್ರೆ ಇವತ್ತಿನ ಜಕಾರ್ತ. ಐಕ್ಮನ್ ಅನ್ನೋ ಡಚ್ ಡಾಕ್ಟರು ಬೆರಿಬೆರಿ ರೋಗದ ಕ್ರಿಮಿ ಹುಡುಕ್ತಾ ಕೂತಿದ್ದ. ಇದ್ದಕ್ಕಿದ್ದ ಹಾಗೆ ಅವನ ಲ್ಯಾಬಿನ ಕೋಳಿಗಳೆಲ್ಲ ಕಾಲು ಸೋತು ಬಿದ್ವು. ಸ್ವಲ್ಪ ತಿಂಗಳಾದ ಮೇಲೆ ತಾವೇ ಎದ್ದು ಓಡಾಡಿದ್ವು. ವಿಚಾರಿಸಿದ್ರೆ, ನಡುವೆ ಸೈನ್ಯದ ಆಸ್ಪತ್ರೆ ಅಡುಗೆಮನೆಯ ಪಾಲಿಷ್ ಅಕ್ಕಿ ಅನ್ನ ಅವಕ್ಕೆ ಹಾಕ್ತಿದ್ರು. ಹೊಸ ಅಡುಗೆಯವನು ಬಂದು ಸೈನಿಕರ ಅನ್ನ ಕೋಳಿಗೆ ಕೊಡಲ್ಲ ಅಂದ, ಮತ್ತೆ ತೌಡು ಇರೋ ಅಕ್ಕಿ ಹಾಕಿದ್ರು, ಕೋಳಿ ಎದ್ವು! ಅಲ್ಲಿಂದ ಶುರುವಾದ ದಾರಿ ವಿಟಮಿನ್‌ಗೆ ಮುಟ್ಟಿತು, 1929ರಲ್ಲಿ ಐಕ್ಮನ್‌ಗೆ ನೊಬೆಲ್ ಬಹುಮಾನವೂ ಬಂತು. ಅಜ್ಜಿ ತೌಡು ಯಾಕೆ ಕೊಡ್ತಿದ್ದಳೋ ಅವಳಿಗೇ ಗೊತ್ತು. "ಕೊಟ್ರ ಏಳ್ತಾವ" ಅನ್ನೋದಷ್ಟೇ ಅವಳ ಉತ್ತರ.

ಇಷ್ಟು ಓದಿ "ಓಹೋ, ನಮ್ಮ ಹಿರಿಯರಿಗೆ ಎಲ್ಲಾ ಗೊತ್ತಿತ್ತು" ಅಂತ ಹೊರಡಬೇಡಿ. ಗೊತ್ತಿರದೇ ಇದ್ದದ್ದೂ ಇತ್ತು. ಅದರ ಬೆಲೆ ನಮ್ಮ ಮನೆ ತೆತ್ತಿದೆ.

1970ರ ದಶಕದ ಮಧ್ಯದ ಮಾತು. ನಾನು ಹುಟ್ಟಿರಲಿಲ್ಲ, ಅಪ್ಪ ಹೇಳಿದ್ದು. ಅಜ್ಜಿ ಹತ್ರ ಆಗ ಮರಿ ಸೇರಿ ಮೂವತ್ತರ ಹತ್ತಿರ ಕೋಳಿ. ಬೇಸಿಗೆ, ಊರಮ್ಮನ ಜಾತ್ರೆ ಮುಗಿದಿತ್ತು. ಜಾತ್ರೆಗೆ ಅಂತ ಹತ್ತೂರಿನ ಕೋಳಿ ಸಂತೆಗೆ ಬಂದಿರ್ತವೆ, ಉಳಿದವು ಮನೆಗೆ ವಾಪಸ್ ಹೋಗ್ತವೆ. ಒಂದು ವಾರದೊಳಗೆ ಓಣಿ ಪೂರ್ತಿ ಕೋಳಿ ಬೀಳೋಕೆ ಶುರು. ಹಸಿರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚಿಕೊಂಡು ಒದ್ದಾಟ. ನಮ್ಮ ಕಡೆ ಇದಕ್ಕೆ ಕೊಕ್ಕರೆ ರೋಗ ಅಂತಾರೆ. ಅಜ್ಜಿ ಬೆಳ್ಳುಳ್ಳಿ, ಅರಿಶಿಣ, ಮೆಣಸು, ಸುಟ್ಟ ಈರುಳ್ಳಿ ಏನೇನೋ ಹಾಕಿದಳು. ರಾತ್ರಿಯೆಲ್ಲ ಕೂತಳು. ಉಳಿದದ್ದು ಒಂದು ಹ್ಯಾಟೆ.

ಅಜ್ಜನ ಹೊಲದ ದುಡ್ಡು ಸಾಲಕ್ಕೆ, ಬೀಜಕ್ಕೆ ಹೋಗ್ತಿತ್ತು. ಮಕ್ಕಳ ಪುಸ್ತಕ, ಬಟ್ಟೆ, ಬಸ್ ಚಾರ್ಜು ಎಲ್ಲಾ ಕೋಳಿ ದುಡ್ಡು. ಆ ಜೂನ್‌ನಲ್ಲಿ ನಮ್ಮ ಸಣ್ಣತ್ತೆ ಕೊಟ್ಟೂರಿನ ಹೈಸ್ಕೂಲಿಗೆ ಸೇರಬೇಕಿತ್ತು. ಸೇರಲಿಲ್ಲ. ಮುಂದಿನ ವರ್ಷ ಅಂದ್ರು. ಮುಂದಿನ ವರ್ಷ ಮದುವೆ ಮಾತು ಬಂತು. ಅತ್ತೆ ಈಗಲೂ ಪೇಪರ್ ಓದುವಾಗ ಬೆರಳಿಟ್ಟು ಓದ್ತಾಳೆ. ಯಾಕೆ ಓದಲಿಲ್ಲ ಅಂತ ಕೇಳಿದ್ರೆ "ಕೋಳಿ ಸತ್ವಲ್ಲ" ಅಂತಾಳೆ. ನಾನು ಸಣ್ಣೋನಿದ್ದಾಗ ಅದೊಂದು ತಮಾಷೆ ಅಂದ್ಕೊಂಡಿದ್ದೆ.

ಈಗ ಆ ರೋಗದ ಇತಿಹಾಸ ನೋಡಿ. ಪಶುವೈದ್ಯರು ಇದನ್ನ ರಾಣಿಖೇತ್ ರೋಗ ಅಂತಾರೆ. ರಾಣಿಖೇತ್ ಅಂದ್ರೆ ಹಿಮಾಲಯದ ಕುಮಾವೂ ಬೆಟ್ಟದಲ್ಲಿರೋ ದಂಡಿನ ಊರು. 1926ರಲ್ಲಿ ಜಾವಾದಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಈ ರೋಗ ಗುರುತಿಗೆ ಬಂತು. ಮರುವರ್ಷವೇ ರಾಣಿಖೇತ್‌ನಲ್ಲಿ ಕಾಣಿಸಿತು, ಹತ್ತಿರದ ಮುಕ್ತೇಶ್ವರದಲ್ಲಿದ್ದ ಸರ್ಕಾರಿ ಪ್ರಯೋಗಾಲಯದ ಎಡ್ವರ್ಡ್ಸ್ ಅದನ್ನ ವರದಿ ಮಾಡಿದ. ಜಗತ್ತಿಗೆಲ್ಲ ಅದು ನ್ಯೂಕಾಸಲ್ ರೋಗ, ನಮಗೆ ರಾಣಿಖೇತ್. ವೈರಸ್ಸಿನಿಂದ ಬರೋದು, ಬಂದ ಮೇಲೆ ಇವತ್ತಿಗೂ ಔಷಧಿ ಇಲ್ಲ. ಅಜ್ಜಿ ಹಾಕಿದ ಬೆಳ್ಳುಳ್ಳಿ ಕೆಲಸ ಮಾಡಲಿಲ್ಲ, ಯಾವ ದೊಡ್ಡ ಡಾಕ್ಟರ ಔಷಧಿಯೂ ಮಾಡ್ತಿರಲಿಲ್ಲ.

ಆದ್ರೆ ಬರದಂಗೆ ತಡೆಯೋ ಲಸಿಕೆ ಇತ್ತು. ಅದೇ ಮುಕ್ತೇಶ್ವರದಲ್ಲಿ ಹ್ಯಾಡೋ ಮತ್ತು ಇದ್ನಾನಿ 1940ರ ದಶಕದಲ್ಲೇ ಅದನ್ನ ಸಿದ್ಧ ಮಾಡಿದ್ರು. ಅಂದ್ರೆ ನಮ್ಮ ಅಜ್ಜಿ ಕೋಳಿ ಸಾಯೋ ಹೊತ್ತಿಗೆ ಲಸಿಕೆಗೆ ಮೂವತ್ತು ವರ್ಷ ವಯಸ್ಸಾಗಿತ್ತು!

ನಮ್ಮೂರಿಗೆ ಯಾಕೆ ಮುಟ್ಟಲಿಲ್ಲ? ಒಂದು ಕಾರಣ ನಮ್ಮ ಸೀಮೆಯ ಹಣೆಬರಹ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಬಳ್ಳಾರಿ ಜಿಲ್ಲೆಯ ಜೊತೆ ಮದರಾಸು ಪ್ರಾಂತ್ಯದಲ್ಲಿದ್ವು. ಬೆಂಗಳೂರಿನ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ 1925ರಲ್ಲೇ ಶುರುವಾಗಿದ್ರೂ ಅದು ಬೇರೆ ರಾಜ್ಯದ್ದು. ನಾವು ಮದರಾಸಿನ ಕೊನೇ ಮೂಲೆ. 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿದ್ವಿ, ಆಗ ಮೈಸೂರಿನ ಕೊನೇ ಮೂಲೆ ಆದ್ವಿ. ಹಗರಿಬೊಮ್ಮನಹಳ್ಳಿ ತಾಲೂಕಾದದ್ದು ಆಮೇಲೆ, ಕೊಟ್ಟೂರು ತಾಲೂಕಾದದ್ದಂತೂ ಮೊನ್ನೆ ಮೊನ್ನೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ಐದೂ ತಾಲೂಕು ವಿಜಯನಗರ ಜಿಲ್ಲೆ ಆದ್ವು. ಬೋರ್ಡು ಬರೆಯೋನಿಗೆ ಕೆಲಸವೋ ಕೆಲಸ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದು ಈಗಲೂ ಹಾಗೇ ಇದೆ. ಈ ಲಸಿಕೆ ಸಾಮಾನ್ಯವಾಗಿ ಬರೋದು ನೂರು ಕೋಳಿಗೆ ಆಗೋವಷ್ಟು, ಇಲ್ಲಾ ಅದಕ್ಕಿಂತ ಹೆಚ್ಚಿನ ಬಾಟಲಿಯಲ್ಲಿ. ತಣ್ಣಗೆ ಇಡಬೇಕು. ಒಂದು ಸಲ ನೀರು ಬೆರೆಸಿದ್ರೆ ಒಂದೆರಡು ಗಂಟೇಲಿ ಮುಗಿಸಬೇಕು. ಫಾರಂನವರಿಗೆ ಇದು ಹೇಳಿ ಮಾಡಿಸಿದ ಹಾಗೆ. ಐದು ಕೋಳಿ ಇರೋ ನಮ್ಮಮ್ಮ ಏನು ಮಾಡಬೇಕು? 40 ಡಿಗ್ರಿ ಬಿಸಿಲಲ್ಲಿ ಐಸ್ ಡಬ್ಬಿ ಹಿಡಿದು ಕೂಡ್ಲಿಗಿಯಿಂದ ಬಸ್ಸಲ್ಲಿ ಬಂದು, ಐದಕ್ಕೆ ಹಾಕಿ ತೊಂಬತ್ತೈದು ಚೆಲ್ಲಬೇಕಾ? ಬಿಸಿ ತಡೆಯೋ ಲಸಿಕೆ ಹಳ್ಳಿ ಕೋಳಿಗೆ ಬೇಕು ಅಂತ ಆಸ್ಟ್ರೇಲಿಯಾದ ಸ್ಪ್ರಾಡ್‌ಬ್ರೋ ಎಂಬ ವಿಜ್ಞಾನಿ 'ಐ-2' ಅನ್ನೋದನ್ನ ತಯಾರಿಸಿದ, ಆಫ್ರಿಕಾ ಏಷ್ಯಾದ ಹಳ್ಳಿಗಳಲ್ಲಿ ಕಣ್ಣಿಗೆ ಒಂದು ಹನಿ ಹಾಕಿ ಬಳಸಿದ್ದಾರೆ. ಯೋಚನೆ ಮಾಡಿದೋರು ಇದ್ದಾರೆ ಅನ್ನೋದೇ ಸಮಾಧಾನ.

ಮತ್ತೆ ಈ ಹಿತ್ತಲ ಕೋಳಿ ಸಣ್ಣ ಲೆಕ್ಕ ಅಂದ್ಕೋಬೇಡಿ. 2019ರ ಜಾನುವಾರು ಗಣತಿ ಪ್ರಕಾರ ದೇಶದ ಸುಮಾರು 85 ಕೋಟಿ ಕೋಳಿಗಳಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಲ್ಲೇ ಇದ್ವು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಪೂರ್ತಿ ಕೇಳಿ, "ನೂರು ಕೋಳಿಗೆ ಆಕ್ಕೈತಿ ಅಂದ್ರ ಓಣಿ ಕೋಳಿ ಎಲ್ಲಾ ಸೇರಿಸಿದ್ರ ಆತಲ್ಲ" ಅಂದಳು. ಇಷ್ಟು ವರ್ಷ ಓದಿದ ನನಗೆ ಹೊಳೆದಿರಲಿಲ್ಲ. ಹೋದದ್ದು ಹನ್ನೊಂದು ಮನೆಗೆ, ಒಪ್ಪಿದ್ದು ಏಳು ಮನೆ. ಮೊದಲು ಒಪ್ಪಿದ್ದು ಕೋಳಿ ಕೊಟ್ಟುಬಿಡು ಅಂದಿದ್ದ ಪಕ್ಕದ ಮನೆಯವರೇ. ಕತ್ತಲಾದ ಮೇಲೆ, ಕೋಳಿಗಳು ಗೂಡು ಸೇರಿದಾಗ ಹಿಡಿಯೋದು ಸುಲಭ ಅಂತ ಅಮ್ಮನೇ ಹೊತ್ತು ಗೊತ್ತು ಮಾಡಿದಳು. ಪಶು ಆಸ್ಪತ್ರೆಯವರು ಬಂದು ಬ್ಯಾಟರಿ ಬೆಳಕಲ್ಲಿ ಒಂದೊಂದಕ್ಕೂ ರೆಕ್ಕೆ ಕೆಳಗೆ ಸೂಜಿ ಹಾಕಿದ್ರು. ಅರವತ್ತೆರಡು ಕೋಳಿ. ಕರೀ ಹ್ಯಾಟೆಗೆ ಮಾತ್ರ ಪೂರ್ತಿ ಚೇತರಿಸಿಕೊಳ್ಳಲಿ ಅಂತ ಆವತ್ತು ಬಿಟ್ರು, ಹುಷಾರಿಲ್ಲದ ಕೋಳಿಗೆ ಲಸಿಕೆ ಹಾಕಬಾರದು.

ಕೋಳಿ ಸಾಕೋರು ಯಾರಾದ್ರೂ ಓದ್ತಿದ್ರೆ ಒಂದು ಮಾತು. ಒಂದು ಕೋಳಿ ಮಂಕಾದ್ರೆ ಬೇರೆ ಇಟ್ಟು, ಬೆಚ್ಚಗೆ ಮಾಡಿ, ನೀರು ಕೊಟ್ಟು ನೋಡಬಹುದು. ಆದ್ರೆ ಒಟ್ಟಿಗೆ ನಾಲ್ಕಾರು ಬಿದ್ರೆ, ಇದ್ದಕ್ಕಿದ್ದ ಹಾಗೆ ಸಾಯೋಕೆ ಶುರುವಾದ್ರೆ ಮನೆಮದ್ದು ಬೇಡ. ಮುಟ್ಟಬೇಡಿ, ಕೊಯ್ಯಬೇಡಿ, ಮಾರಬೇಡಿ. ತಕ್ಷಣ ಪಶು ಆಸ್ಪತ್ರೆಗೆ ಹೇಳಿ, ಇಲ್ಲಾ 1962ಕ್ಕೆ ಫೋನ್ ಮಾಡಿ. ಇಲ್ಲಿ ಕೈಗುಣ ನಂಬಿ ಕೂತ್ರೆ ಓಣಿಯೇ ಖಾಲಿ ಆಗುತ್ತೆ.

ಮೂರು ವಾರಕ್ಕೆ ಕರೀ ಹ್ಯಾಟೆ ಮತ್ತೆ ಮೊಟ್ಟೆ ಇಡ್ತು. ಆ ಸಲದ ಮೊಟ್ಟೆ ಅಮ್ಮ ಮಾರಲಿಲ್ಲ, ಹನ್ನೊಂದು ಕೂಡಿಸಿ ಅದರ ಕೆಳಗೇ ಇಟ್ಟಳು. ಎಂಟು ಮರಿ ಎದ್ವು. ಎರಡು ಹೆಣ್ಣು ಮರಿ ಸಣ್ಣತ್ತೆಯ ಮೊಮ್ಮಗಳಿಗೆ ಕೊಟ್ಟಿದ್ದಾಳೆ. ಅವಳು ಈಗ ಕೊಟ್ಟೂರಲ್ಲಿ ಹೈಸ್ಕೂಲು. ಕೋಳಿಗೆ ಯಾವಾಗ ಏನು ಹಾಕಿದೆ ಅಂತ ನೋಟ್‌ಬುಕ್ಕಲ್ಲಿ ಬರೆದಿಡ್ತಿದ್ದಾಳಂತೆ, ತಾರೀಕು ಸಮೇತ.

ನಿಮ್ಮೂರ ಕಡೆ ಹುಷಾರಿಲ್ಲದ ಕೋಳಿಗೆ ಏನು ಮಾಡ್ತಿದ್ರು? ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದು ತಿಳಿಸಿ. ಕೆಲಸ ಮಾಡಿದ್ದೂ ಬರೀರಿ, ಮಾಡದೇ ಇದ್ದದ್ದೂ ಬರೀರಿ.